ರಾಜೇಂದ್ರಣ್ಣನ ಡೈರಿಯಲ್ಲಿಲ್ಲದ ಹನ್ನೆರಡು ದಿನ

ಸಾಗರದ ತೆರಿಗೆ ಸಲಹೆಗಾರರೊಬ್ಬರ ಕಚೇರಿಗೆ ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ನಾನು ಒಬ್ಬ ಮನುಷ್ಯನನ್ನು ನಾಡಕಚೇರಿಗೆ ಕಳಿಸಿದ್ದೆ. ಅವರು ತರಬೇಕಾಗಿದ್ದ ಕಾಗದ ಯಾವುದೆಂದರೆ, ತಾನು ಈ ಊರಿನಲ್ಲಿ ವಾಸವಾಗಿಲ್ಲ ಎಂಬ ದೃಢೀಕರಣ ಪತ್ರ.

ನನ್ನ ತರ್ಕ ಸರಳವಾಗಿತ್ತು. ವಾಸವಿರುವವರಿಗೆ ನಾಡಕಚೇರಿಯಲ್ಲಿ ವಾಸಸ್ಥಳದ ಪತ್ರ ಕೊಡುತ್ತಾರೆ. ಈ ಮನುಷ್ಯ ಒಮಾನ್ ದೇಶದ ಬಂದರಿನಲ್ಲಿ ಕ್ರೇನ್ ಓಡಿಸುವವರು. ತೆರಿಗೆಯ ಮಾತಿನಲ್ಲಿ ಅನಿವಾಸಿ. ಅಂದಮೇಲೆ ಅನಿವಾಸಿಗೂ ಒಂದು ಪತ್ರ ಇರಲೇಬೇಕಲ್ಲ? ನಾನು ಬಿ.ಕಾಂ. ಮಾಡಿದವನು, ಮೇಲಾಗಿ ತೀರ್ಥಹಳ್ಳಿ ಕಡೆಯವನು. ವಾದದಲ್ಲಿ ನಮ್ಮನ್ನು ಸೋಲಿಸುವವರಿಲ್ಲ ಎಂಬ ಅಭಿಪ್ರಾಯ ನಮ್ಮ ಕಡೆ ನಮಗೇ ಇದೆ.

ಮಧ್ಯಾಹ್ನದ ಹೊತ್ತಿಗೆ ಅವರು ಬರಿಗೈಯಲ್ಲಿ ವಾಪಸು ಬಂದು ನನ್ನೆದುರಿನ ಕುರ್ಚಿಯಲ್ಲಿ ಕೂತರು. ಸಿಟ್ಟು ಮಾಡಿಕೊಳ್ಳಬಹುದಿತ್ತು. ಅದರ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲಿಯವ್ರು ಏನಂದ್ರು ಗೊತ್ತೇನ್ರಿ ಗೌಡ್ರೆ? 'ನೀ ನನ್ನೆದ್ರಿಗೇ ನಿಂತ್ಕಂಡಿದೀಯಲ ಮಾರಾಯ, ವಾಸ ಇಲ್ಲ ಅಂತ ಹೆಂಗೆ ಬರೀಲಿ? ಸತ್ತೋಗಿದೀಯ ಅಂತ ಬೇಕಾದ್ರೆ ಹೇಳು, ಅದಕ್ಕಾದ್ರೆ ಒಂದು ಫಾರಂ ಐತಿ' ಅಂದ್ರು."

ಒಳಗಿನ ಕೋಣೆಯಿಂದ ನಮ್ಮ ಯಜಮಾನರು, ಸೀತಾರಾಮಪ್ಪನವರು, ಕನ್ನಡಕ ಹಣೆಗೇರಿಸಿಕೊಂಡು ಹೊರಬಂದರು. "ಯಾರು ಕಳ್ಸಿದ್ದು ಇವ್ರನ್ನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಮುಖ ನೋಡಿ, "ಸರಿ, ಗೊತ್ತಾತು" ಎಂದರು. ಆಮೇಲೆ ಇಬ್ಬರಿಗೂ ಒಟ್ಟಿಗೇ ಪಾಠ ಮಾಡಿದರು. ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದರೊಳಗೆ ನೂರ ಎಂಬತ್ತೆರಡು ದಿನ ಈ ದೇಶದಲ್ಲಿದ್ದರೆ ಆ ವರ್ಷಕ್ಕೆ ನೀನು ನಿವಾಸಿ. ಆಗ ಒಮಾನಿನ ಸಂಬಳವೂ ಇಲ್ಲಿನ ಆದಾಯದ ಜೊತೆ ಸೇರಿ ತೆರಿಗೆಗೆ ಬರುತ್ತದೆ. ನೂರ ಎಂಬತ್ತೊಂದು ದಿನವಿದ್ದರೆ ಅನಿವಾಸಿ. ಅಲ್ಲಿಯ ಸಂಬಳಕ್ಕೂ ಇಲ್ಲಿಗೂ ಸಂಬಂಧವಿಲ್ಲ. ಮನೆ ಎಲ್ಲಿದೆ, ಹೆಂಡತಿ ಮಕ್ಕಳು ಎಲ್ಲಿದ್ದಾರೆ, ಓಟು ಎಲ್ಲಿ ಹಾಕುತ್ತೀಯ, ಇದನ್ನೆಲ್ಲ ಇಲ್ಲಿ ಯಾರೂ ಕೇಳುವುದಿಲ್ಲ.

"ವಾಸ ಅನ್ನೋದನ್ನ ಊರು ಹೇಳೋದಲ್ಲ, ದಿನ ಹೇಳೋದು," ಎಂದರು ಸೀತಾರಾಮಪ್ಪನವರು.

"ಹಂಗಾರೆ ದಿನ ಬರ್ದಿಡ್ತೀನಿ ಬಿಡಿ," ಎಂದರು ಆ ಮನುಷ್ಯ. ಅವತ್ತೇ ಪೇಟೆಗೆ ಹೋಗಿ, ಅಡಿಕೆ ಸೊಸೈಟಿಯವರು ಕೊಡುವ ಅಂಗೈಯಗಲದ ಡೈರಿಯೊಂದನ್ನು ಯಾರಿಂದಲೋ ಇಸಿದುಕೊಂಡು ಬಂದು ನನಗೆ ತೋರಿಸಿದರು. ಎಲ್ಲ ಅನಾಹುತವೂ ಆ ಡೈರಿಯಿಂದಲೇ ಹುಟ್ಟಿತು. ಅರ್ಧ ಅದರಿಂದ, ಇನ್ನರ್ಧ ನನ್ನಿಂದ.

ರಾಜೇಂದ್ರಣ್ಣ ಪರಿಚಯವಾದದ್ದು ಹೀಗೆ.

ಅವರ ಊರು ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. ಈಚೆ ಹೊಳೆಬಾಗಿಲಿನಲ್ಲಿ ಬಸ್ಸಿಳಿದು ಲಾಂಚಿನಲ್ಲಿ ದಾಟಿ, ಆಮೇಲೆ ಜೀಪಿನಲ್ಲಿ ಒಂದಿಷ್ಟು ದೂರ ಹೋಗಬೇಕು. ಅವರ ಅಪ್ಪ ಕೆರಿಯಪ್ಪ ಹುಟ್ಟಿದ ಊರಂತೂ ನೀರಿನಡಿಯಲ್ಲಿದೆ. ನಾನೊಮ್ಮೆ ಫಾರಂ ತುಂಬುತ್ತ "ಕಾಯಂ ವಿಳಾಸ?" ಎಂದು ಕೇಳಿದಾಗ ರಾಜೇಂದ್ರಣ್ಣ, "ಕಾಯಂದು ಬೇಕಾದ್ರೆ ಬೇಸಿಗೇಲಿ ಬನ್ನಿ, ನೀರು ಇಳ್ದಾಗ ತೋರಿಸ್ತೀನಿ. ಈಗ ಸದ್ಯಕ್ಕೆ ಅಕ್ಕನ ಮನೇದು ಹಾಕ್ಕಳಿ," ಎಂದಿದ್ದರು. ಅಕ್ಕ ಗುತ್ಯಮ್ಮ ಸಾಗರದಲ್ಲೇ ಇದ್ದರು. ಹೊಳೆಯಾಚೆಗೆ ಟಪಾಲು ಹೋಗುವುದು ತಡವೆಂದು ರಾಜೇಂದ್ರಣ್ಣನ ಪ್ಯಾನ್ ಕಾರ್ಡು, ಬ್ಯಾಂಕಿನ ಪುಸ್ತಕ, ಪಾಸ್‌ಪೋರ್ಟು ಎಲ್ಲದಕ್ಕೂ ಅಕ್ಕನ ಮನೆಯ ವಿಳಾಸವೇ.

ಹದಿನೆಂಟನೇ ವಯಸ್ಸಿಗೆ ಅವರು ಲಾಂಚಿನಲ್ಲಿ ಸಹಾಯಕನಾಗಿ ಸೇರಿದರು. ಜೀಪು, ವ್ಯಾನು, ಅಡಿಕೆ ಮೂಟೆಯ ಲಾರಿ ಹತ್ತಿಸುವಾಗ ಭಾರ ಯಾವ ಕಡೆ ವಾಲುತ್ತದೆಂದು ಕಣ್ಣಳತೆಯಲ್ಲೇ ಹೇಳುವ ಕೆಲಸ. ಆಮೇಲೆ ಹಿಟಾಚಿ ಓಡಿಸಲು ಕಲಿತು ಊರೂರಿನ ಗುಡ್ಡ ಕಡಿದರು, ದುಡಿದ ದುಡ್ಡಿನಲ್ಲಿ ಸ್ವಂತಕ್ಕೊಂದು ಹಿಟಾಚಿಯನ್ನೂ ಮಾಡಿಕೊಂಡರು. ಹಿನ್ನೀರಿಗೆ ಸೇತುವೆ ಕಟ್ಟಲು ಶುರುವಾದಾಗ ಅಲ್ಲಿ ಸೇರಿ ಕ್ರೇನ್ ಕಲಿತರು. ಅಲ್ಲಿಯ ಎಂಜಿನಿಯರೊಬ್ಬರು ಇವರ ಕೈ ನೋಡಿ, ಒಮಾನಿನಲ್ಲಿ ಇದರ ನಾಲ್ಕು ಪಟ್ಟು ಕೊಡುತ್ತಾರೆ ಎಂದು ಹೇಳಿ ದಾರಿ ತೋರಿಸಿದರು. ಹೀಗೆ, ಸೇತುವೆ ಅರ್ಧವಾಗುವ ಹೊತ್ತಿಗೆ ರಾಜೇಂದ್ರಣ್ಣ ಅದನ್ನು ಬಿಟ್ಟು ಲಾಂಚು ಹತ್ತಿ ಹೋದರು. ಹಿಟಾಚಿಯನ್ನು ಇಲ್ಲಿ ಬಾಡಿಗೆಗೆ ಬಿಟ್ಟರು. ಆರೇಳು ತಿಂಗಳು ಅಲ್ಲಿ, ಮಿಕ್ಕ ದಿನ ಇಲ್ಲಿ. ಮಗಳು ಚೈತನ್ಯಾ ಶಿವಮೊಗ್ಗದಲ್ಲಿ ನರ್ಸಿಂಗ್ ಓದುವುದು ಒಮಾನಿನ ಸಂಬಳದಲ್ಲಿ. ಅದಕ್ಕೆ ಇಲ್ಲಿ ತೆರಿಗೆ ಬಿದ್ದರೆ ಕೊನೆಯ ವರ್ಷದ ಫೀಸಿಗೇ ಕೈ ಹಾಕಿದಂತೆ. ಹಾಗಾಗಿ ನೂರ ಎಂಬತ್ತೆರಡು ಎಂಬ ಸಂಖ್ಯೆಯನ್ನು ಅವರು ದೇವರ ಹೆಸರಿನಷ್ಟು ಭಕ್ತಿಯಿಂದ ಹೇಳುತ್ತಿದ್ದರು.

ನನ್ನ ವಿಚಾರವನ್ನೂ ಹೇಳಿಬಿಡುತ್ತೇನೆ. ರೇಷನ್ ಕಾರ್ಡು, ಓಟು, ಬಟ್ಟೆ ಒಗೆಯುವುದು, ಇಷ್ಟೂ ನನ್ನೂರು ಮೇಳಿಗೆಯಲ್ಲಿ. ಕೆಲಸ, ಬಾಡಿಗೆ ಕೋಣೆ, ಸಂಬಳ ಸಾಲದೆ ಹೋಗುವುದು ಸಾಗರದಲ್ಲಿ. ಶನಿವಾರ ಹೊರಟು ಸೋಮವಾರ ಬರುವುದರ ನಡುವೆ ನನ್ನ ನಿಜವಾದ ವಾಸವೆಂದರೆ ಹೊಸನಗರದ ಮೇಲೆ ಹೋಗುವ ಬಸ್ಸು. ನನ್ನ ಸಂಬಳಕ್ಕೆ ತೆರಿಗೆ ಹಾಕುವ ಕಾನೂನು ಇನ್ನೂ ಹುಟ್ಟಿಲ್ಲವಾದ್ದರಿಂದ ನಾನು ನಿವಾಸಿಯೋ ಅನಿವಾಸಿಯೋ ಎಂದು ಯಾರೂ ಕೇಳಿಲ್ಲ. ಇಂಥವನು ಇನ್ನೊಬ್ಬರ ದಿನ ಎಣಿಸುವ ಕೆಲಸಕ್ಕೆ ಕೂತಿದ್ದೆ.

೨೦೨೪ರ ನವೆಂಬರ್ ಕೊನೆಯಲ್ಲಿ ರಾಜೇಂದ್ರಣ್ಣ ಒಮಾನಿನಿಂದ ಬಂದರು. ಗುತ್ಯಮ್ಮನವರ ಹೊಟ್ಟೆಯಲ್ಲಿ ಗಡ್ಡೆ. ಶಿವಮೊಗ್ಗದ ಡಾಕ್ಟರು ಎಲ್ಲ ನೋಡಿ, "ಇನ್ನು ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ತಿನ್ನಕ್ಕೆ ಕೊಡಿ" ಎಂದುಬಿಟ್ಟಿದ್ದರು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದ, ಮಕ್ಕಳಿಲ್ಲದ ಹೆಂಗಸು. ತಮ್ಮ ಬಂದವನೇ ಅಕ್ಕನ ಮನೆಯಲ್ಲಿ ಉಳಿದ. ನಾನು ಆ ವಾರ ಎರಡು ಸಲ ಅಲ್ಲಿಗೆ ಹೋಗಿದ್ದೆ, ಕಾಗದಕ್ಕೆ ಸಹಿ ಹಾಕಿಸಲು ಒಂದು ಸಲ, ಚಹಾಕ್ಕೆ ಒಂದು ಸಲ. ಇದನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಅಕ್ಕನಿಗೆ ಒಂದೇ ಹಟ. "ತವರಿಗೆ ಕರ್ಕೊಂಡು ಹೋಗೋ ರಾಜ. ಈ ಪೇಟೇಲಿ ನಲವತ್ತು ವರ್ಷ ಇದ್ದೆ, ಇಲ್ಲಿ ಸಾಯಕ್ಕೆ ಯಾಕೋ ಬೇಜಾರು."

ಡಿಸೆಂಬರ್ ನಾಲ್ಕನೇ ತಾರೀಕು, ಬುಧವಾರ, ಅವರನ್ನು ಹೊಳೆಯಾಚೆ ಕರೆದುಕೊಂಡು ಹೋದೆವು. ಒಂದು ಓಮ್ನಿ ವ್ಯಾನು, ಹಿಂದಿನ ಸೀಟಿನಲ್ಲಿ ಅಕ್ಕ ಮಲಗಿ, ರಾಜೇಂದ್ರಣ್ಣನ ಒಮಾನಿನ ದೊಡ್ಡ ಸೂಟ್‌ಕೇಸು ನನ್ನ ತೊಡೆಯ ಮೇಲೆ. ಅರ್ಧ ದಿನ ರಜೆ ಕೇಳಿದಾಗ ಸೀತಾರಾಮಪ್ಪನವರು, "ಹೋಗಿ ಬಾ, ಇಲ್ಲಿದ್ದೂ ನೀ ಮಾಡೋದೇನಿಲ್ಲ," ಎಂದು ಪ್ರೀತಿಯಿಂದಲೇ ಕಳಿಸಿದ್ದರು.

ಲಾಂಚಿನ ಮೇಲೆ ಗಾಳಿ ಬರಲೆಂದು ವ್ಯಾನಿನ ಬಾಗಿಲು ತೆಗೆದಿದ್ದೆವು. ಗುತ್ಯಮ್ಮ ನನ್ನನ್ನೇ ದಿಟ್ಟಿಸಿ ನೋಡಿ ಕೇಳಿದರು:

"ನೀನೇ ಏನಾ, ನಮ್ಮ ರಾಜನ ದಿನ ಎಣಿಸೋ ಹುಡುಗ?"

"ಹೌದು ಅಮ್ಮ."

"ಹಂಗೇ ನಂದೂ ಒಂಚೂರು ಎಣಿಸಿ ಹೇಳು ಮಾರಾಯ. ಫೀಸು ಎಷ್ಟಾತದೆ?"

ನಾನು ತೊಡೆಯ ಮೇಲಿನ ಸೂಟ್‌ಕೇಸನ್ನು ಸರಿಸಿಕೊಂಡೆ. ರಾಜೇಂದ್ರಣ್ಣ ನೀರಿನ ಕಡೆ ತಿರುಗಿ ನಿಂತರು. ಅಕ್ಕ ತಾನೇ ನಕ್ಕು, ನಕ್ಕಿದ್ದಕ್ಕೆ ನೋವಾಗಿ ಹೊಟ್ಟೆ ಹಿಡಿದುಕೊಂಡು, "ನೋಡು, ಇಬ್ರಿಗೂ ಮುಖ ಬಾಡಿ ಹೋತು. ಗಂಡಸ್ರ ಹತ್ರ ತಮಾಷೆ ಮಾಡಬಾರ್ದು," ಎಂದರು.

ಆಚೆ ದಡ ಮುಟ್ಟಿ ಸೂಟ್‌ಕೇಸು ಇಳಿಸುತ್ತಿದ್ದಂತೆ ರಾಜೇಂದ್ರಣ್ಣ ಜೇಬಿನಿಂದ ಡೈರಿ ತೆಗೆದು ಏನೋ ಬರೆದುಕೊಂಡರು. ನಾನು ಪಕ್ಕದಲ್ಲೇ ಇದ್ದೆ. ಏನು ಬರೆದರೆಂದು ಇಣುಕುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದೆ. ಸಭ್ಯತೆ ನನಗೆ ಬೇಡದ ಕಡೆಯೇ ಬರುತ್ತದೆ.

ಡಿಸೆಂಬರ್, ಜನವರಿ, ಫೆಬ್ರವರಿ. ಗುತ್ಯಮ್ಮ ಡಾಕ್ಟರ ಲೆಕ್ಕವನ್ನೂ ಮೀರಿ ಉಳಿದರು. ಹಗಲು ರಾತ್ರಿ ನೋಡಿಕೊಂಡವರು ರಾಜೇಂದ್ರಣ್ಣನ ಹೆಂಡತಿ ಯಶೋಧಾ. ಒಂದು ಭಾನುವಾರ ನಾನು ನೋಡಲು ಹೋದಾಗ ಯಶೋಧಕ್ಕ ಅಂಗಳದಲ್ಲಿ ಹಾಸಿಗೆಯ ಬಟ್ಟೆ ಒಣಹಾಕುತ್ತಿದ್ದರು. "ಅಣ್ಣ ಎಲ್ಲಿ ಅಕ್ಕಾ?" ಎಂದೆ.

"ಲಾಂಚ್ ಹತ್ರ ಇರ್ತಾರೆ ನೋಡು ತಮ್ಮ. ದಿನಾ ಹೋಗ್ತಾರೆ. ಅಲ್ಲಿ ಅವರಿಲ್ದಿದ್ರೆ ಲಾಂಚು ತೇಲಲ್ವೇನೋ ಅನ್ನಂಗೆ." ದನಿಯಲ್ಲಿ ದೂರಿರಲಿಲ್ಲ. ಬಟ್ಟೆ ಹಿಂಡಿದ್ದು ಮಾತ್ರ ಸ್ವಲ್ಪ ಜೋರಾಗಿತ್ತು. ಒಳಗಿನಿಂದ ಗುತ್ಯಮ್ಮ ಯಾರನ್ನೋ ಕೂಗುವ ಸದ್ದು ಬಂತು; ಮಾತಲ್ಲ, ಒಂದು ಎಳೆದ ಸದ್ದು. ಅದು ನಿಲ್ಲುವವರೆಗೆ ನಾನು ಅಂಗಳದಲ್ಲೇ ನಿಂತಿದ್ದೆ. ಕೊನೆಗೆ, "ಇನ್ನೊಂದು ಸಲ ಬರ್ತೀನಿ" ಎಂದು ಹೇಳಿ ಬಂದುಬಿಟ್ಟೆ. ಅಷ್ಟು ದೂರ ಹೋಗಿ ಒಳಗೇ ಹೋಗದೆ ಬಂದವನು ನಾನು.

ಮಾರ್ಚ್ ಹದಿನಾಲ್ಕು, ಶುಕ್ರವಾರ, ರಾಜೇಂದ್ರಣ್ಣ ಕಚೇರಿಗೆ ಬಂದರು. ಗಡ್ಡ ಬೆಳೆದಿತ್ತು. ಡೈರಿಯನ್ನು ಮೇಜಿನ ಮೇಲಿಟ್ಟು ಹೇಳಿದರು:

"ಕಂಪನಿಯವ್ರು ಏಪ್ರಿಲ್ ಹತ್ತರವರೆಗೆ ಬೇಕಾದ್ರೆ ಇರು ಅಂದಿದಾರೆ. ಅಕ್ಕಂದು ಇವತ್ತೋ ನಾಳೆಯೋ ಅನ್ನಂಗಿದೆ. ನಂದು ಎಷ್ಟು ದಿನ ಉಳ್ದವೆ ನೋಡಿ ಗೌಡ್ರೆ."

ಸೀತಾರಾಮಪ್ಪನವರು ಅಂದು ಶಿವಮೊಗ್ಗಕ್ಕೆ ಹೋಗಿದ್ದರು. ಯಜಮಾನರಿಲ್ಲದ ದಿನ ನನಗೆ ಎಲ್ಲ ಗೊತ್ತಿರುತ್ತದೆ. ಡೈರಿ ತೆಗೆದೆ. ಎಷ್ಟು ಚೆಂದದ ಅಕ್ಷರ! ಜೂನ್ ಹತ್ತು: ಹೋಗಿದ್ದು. ಡಿಸೆಂಬರ್ ನಾಲ್ಕು: ಬಂದಿದ್ದು. ಕ್ಯಾಲ್ಕುಲೇಟರ್ ತಟ್ಟಿದೆ. ಏಪ್ರಿಲ್ ಒಂದರಿಂದ ಜೂನ್ ಒಂಬತ್ತರವರೆಗೆ ಎಪ್ಪತ್ತು, ಡಿಸೆಂಬರ್ ನಾಲ್ಕರಿಂದ ಇವತ್ತಿನವರೆಗೆ ನೂರ ಒಂದು. ಒಟ್ಟು ನೂರ ಎಪ್ಪತ್ತೊಂದು.

"ಇನ್ನು ಹತ್ತು ದಿನ ಇದೆ ಅಣ್ಣ. ಇಪ್ಪತ್ನಾಲ್ಕರವರೆಗೆ ಇರಬಹುದು. ಆದ್ರೆ ವಿಮಾನ ತಡ ಆಗೋದು, ರದ್ದಾಗೋದು ಎಲ್ಲ ಇರ್ತದಲ್ಲ, ಎರಡು ದಿನ ಕೈಯಲ್ಲಿರಲಿ. ಇಪ್ಪತ್ತೆರಡಕ್ಕೆ ಟಿಕೆಟ್ ಮಾಡಿಸಿ."

"ಇಪ್ಪತ್ತೆರಡರ ಮೇಲೆ ಇರಂಗಿಲ್ಲ?"

"ಇದ್ರೆ ಇಡೀ ವರ್ಷದ ಸಂಬಳಕ್ಕೆ ತೆರಿಗೆ ಬೀಳ್ತದೆ."

ಅವರು ದೊಡ್ಡದಾಗಿ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಮುಖದಲ್ಲಿ ಏನೋ ಒಂದು ಹಗುರ ಕಂಡಿತು. ನನ್ನ ಲೆಕ್ಕ ಅಷ್ಟು ಸ್ಪಷ್ಟವಾಗಿತ್ತೆಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಪಾಸ್‌ಪೋರ್ಟು ಅವರ ಅಂಗಿಯ ಜೇಬಿನಲ್ಲೇ ಇತ್ತು, ಟಿಕೆಟ್ಟಿಗೆ ಬೇಕಾಗುತ್ತದೆಂದು ತಂದಿದ್ದರು. ನೀಲಿ ಅಂಚು ನನಗೆ ಕಾಣುತ್ತಿತ್ತು. ಕೇಳಲಿಲ್ಲ.

ಮಾರ್ಚ್ ಹತ್ತೊಂಬತ್ತು, ಬುಧವಾರ, ಅವರು ಮನೆ ಬಿಟ್ಟರು. ವಿಮಾನ ಶನಿವಾರ ಬೆಳಗ್ಗೆ ಬೆಂಗಳೂರಿನಿಂದ. ಅವರ ಮನೆಯಲ್ಲಿ ದೂರದ ಪ್ರಯಾಣಕ್ಕೆ ಚೀಲ ಹೊಸಿಲು ದಾಟುವುದು ಸೋಮವಾರ, ಇಲ್ಲವೇ ಬುಧವಾರ. ಟಿಕೆಟ್ಟು ಯಾವತ್ತಿಗಾದರೂ ಇರಲಿ, ಒಳ್ಳೆಯ ದಿನ ನೋಡಿ ದೇವರಿಗೆ ಕೈ ಮುಗಿದು ಹೊರಟು, ಹೊಳೆ ದಾಟಿ, ಅಕ್ಕನ ಮನೆಯಲ್ಲಿ ಕಾದು, ಅಲ್ಲಿಂದ ಮುಂದಕ್ಕೆ. ಚೀಲ ಹೊಸಿಲು ದಾಟಿದ ಮೇಲೆ ಮನುಷ್ಯ ಹೋದ ಹಾಗೇ ಲೆಕ್ಕ, ತಿರುಗಿ ಬರುವಂತಿಲ್ಲ. ಈ ಸಲ ಅಕ್ಕನ ಮನೆಗೆ ಬೀಗ. ಬೀಗ ತೆಗೆದು ಒಳಗೆ ಎರಡು ದಿನ ಒಬ್ಬರೇ ಕೂತಿದ್ದರಂತೆ. ಅಕ್ಕ ಹೊಳೆಯಾಚೆ ಇವರ ಮನೆಯಲ್ಲಿ, ಇವರು ಈಚೆ ಅಕ್ಕನ ಮನೆಯಲ್ಲಿ.

ಮಾರ್ಚ್ ಇಪ್ಪತ್ತಾರರಂದು ಗುತ್ಯಮ್ಮ ಹೋದರು. ಯಶೋಧಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅತ್ತಿಗೆ ಹೋದ್ರು ತಮ್ಮ. ಬುಧವಾರ ನೋಡ್ಕಂಡೇ ಹೊರಟ್ರು."

ಜುಲೈನಲ್ಲಿ ರಿಟರ್ನ್ ಸಲ್ಲಿಸುವ ಕಾಲ ಬಂತು. ಸೀತಾರಾಮಪ್ಪನವರು ಯಾವ ಫೈಲನ್ನೂ ಪಾಸ್‌ಪೋರ್ಟ್ ನೋಡದೆ ಮುಟ್ಟುವುದಿಲ್ಲ. ರಾಜೇಂದ್ರಣ್ಣ ಒಮಾನಿನಿಂದ ಪುಟಗಳ ಫೋಟೋ ಕಳಿಸಿದರು. ನಾನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಸೀಲು ನೋಡಿದೆ. ಹೋಗಿದ್ದು ಜೂನ್ ಹದಿನಾಲ್ಕು. ಡೈರಿಯಲ್ಲಿ ಹತ್ತು. ಬಂದಿದ್ದು ನವೆಂಬರ್ ಇಪ್ಪತ್ತೇಳು. ಡೈರಿಯಲ್ಲಿ ಡಿಸೆಂಬರ್ ನಾಲ್ಕು.

ಯಾವುದೋ ಬೇರೆಯವರ ಪಾಸ್‌ಪೋರ್ಟು ಬಂದಿದೆಯೆಂದು ಹೆಸರು ನೋಡಿದೆ. ಇವರದ್ದೇ. ಕೂಡಲೇ ಒಮಾನಿಗೆ ಫೋನು ಮಾಡಿದೆ.

"ಅಣ್ಣ, ಡೈರೀಲಿ ಜೂನ್ ಹತ್ತು ಅಂತ ಬರ್ದಿದೀರಿ. ಸೀಲು ಹದಿನಾಲ್ಕು ಇದೆಯಲ್ಲ?"

"ಹತ್ತಕ್ಕೇ ಹೊಳೆ ದಾಟಿದ್ದು. ಆಮೇಲೆ ಅಕ್ಕನ ಮನೇಲಿದ್ದೆ."

"ಡಿಸೆಂಬರ್ ನಾಲ್ಕು?"

"ಅವತ್ತೇ ಅಲ್ಲೇನ್ರಿ ಅಕ್ಕನ್ನ ಕರ್ಕೊಂಡು ಹೊಳೆ ದಾಟಿದ್ದು? ನೀವೂ ಇದ್ರಲ. ಸೂಟ್‌ಕೇಸ್ ಇಟ್ಕಂಡು ಕೂತಿದ್ದು ನೀವೇ."

ನಾನಿದ್ದೆ. ಸೂಟ್‌ಕೇಸು ನನ್ನ ತೊಡೆಯ ಮೇಲಿತ್ತು. ಅದಕ್ಕಿಂತ ಮೊದಲು ಅದೇ ವಾರ ಆ ಮನೆಯಲ್ಲಿ ಅವರ ಕೈಯಿಂದ ಚಹಾ ಇಸಿದುಕೊಂಡು ಕುಡಿದಿದ್ದೆ.

ಎರಡು ವರ್ಷದಿಂದ ಅವರು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದುದು ದೇಶ ಬಿಟ್ಟ ದಿನವನ್ನಲ್ಲ, ಹೊಳೆ ದಾಟಿದ ದಿನವನ್ನು. ಹೊಳೆಯಾಚೆಯವರಿಗೆ ಮನೆ ಬಿಡುವುದೆಂದರೆ ಅದೇ. ಚೀಲ ಲಾಂಚು ಹತ್ತಿತೋ, ಹೋದಂತೆ. ಚೀಲ ಲಾಂಚು ಇಳಿಯಿತೋ, ಬಂದಂತೆ. ನಡುವೆ ಸಾಗರದಲ್ಲಿ ಕಳೆದ ದಿನಗಳು ಯಾವ ಲೆಕ್ಕಕ್ಕೂ ಇಲ್ಲ. ಹಿಂದಿನ ವರ್ಷಗಳಲ್ಲಿ ದಿನ ಧಾರಾಳವಾಗಿ ಉಳಿದಿದ್ದರಿಂದ ಈ ವ್ಯತ್ಯಾಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಾಗದದ ಪ್ರಕಾರ ರಾಜೇಂದ್ರಣ್ಣನ ಮನೆಯೆಂದರೆ ಅಕ್ಕನ ಮನೆ. ಡೈರಿಯ ಪ್ರಕಾರ ಆ ಮನೆ ಭಾರತದಲ್ಲೇ ಇರಲಿಲ್ಲ.

ವಿಮಾನ ಹತ್ತಿದ ದಿನವೂ ಸೇರಿ ಜೂನ್‌ನಲ್ಲಿ ಐದು ದಿನ, ನವೆಂಬರ್ ಡಿಸೆಂಬರಿನಲ್ಲಿ ಏಳು. ಹನ್ನೆರಡನ್ನು ಸೇರಿಸಿ ಮತ್ತೆ ಎಣಿಸಿದೆ. ನೂರ ತೊಂಬತ್ತೊಂದು. ಬೆರಳಲ್ಲಿ ಎಣಿಸಿದೆ. ಅಷ್ಟೇ. ಕೊನೆಗೆ ನೂರ ಎಂಬತ್ತೆರಡನೆಯ ದಿನ ಯಾವತ್ತು ಬಿತ್ತೆಂದು ಹುಡುಕಿದೆ. ಅದನ್ನು ಹುಡುಕಬಾರದಿತ್ತು. ಮಾರ್ಚ್ ಹದಿಮೂರು, ಗುರುವಾರ. ರಾಜೇಂದ್ರಣ್ಣ ಕಚೇರಿಗೆ ಬಂದು "ಎಷ್ಟು ದಿನ ಉಳ್ದವೆ" ಎಂದು ಕೇಳಿದ್ದು ಹದಿನಾಲ್ಕರಂದು. ಸರಿಯಾದ ಉತ್ತರ: ಒಂದೂ ಉಳಿದಿಲ್ಲ, ನಿನ್ನೆಗೇ ಮುಗಿದಿದೆ, ಇನ್ನು ಹೋದರೂ ತೆರಿಗೆ, ಇದ್ದರೂ ತೆರಿಗೆ, ಏಪ್ರಿಲ್ ಹತ್ತರವರೆಗೆ ಅಕ್ಕನ ಹತ್ತಿರ ಇರಿ. ನಾನು ಕೊಟ್ಟ ಉತ್ತರ: ಇಪ್ಪತ್ತೆರಡಕ್ಕೆ ಟಿಕೆಟ್ ಮಾಡಿಸಿ.

ಸೀತಾರಾಮಪ್ಪನವರಿಗೆ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ತಾವೇ ಒಮ್ಮೆ ಎಣಿಸಿ, ಪೆನ್ನು ಕೆಳಗಿಟ್ಟರು.

"ಸರ್ಕಾರಕ್ಕೆ ಹೊಳೆ ಕಾಣೋದಿಲ್ಲ ಮಾರಾಯ. ಸೀಲು ಕಾಣ್ತದೆ."

"ಸರ್, ಅವರ ಮನೇಲಿ ಹಂಗೇ ಎಣಿಸೋದು ಅಂತ ಒಂದು ಅರ್ಜಿ ಬರೆದ್ರೆ?"

"ಬರಿ. ಲಾಂಚಿನ ಟಿಕೆಟ್ಟನ್ನೂ ಲಗತ್ತಿಸು," ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿದ್ದಿದ್ರೆ ಬೇರೆ ದಾರಿ ಇತ್ತು. ಅವ್ರು ಹೋಗಕ್ಕೆ ಶುರು ಮಾಡಿದ್ದೇ ಮೊನ್ನೆ. ಒಮಾನಲ್ಲಿ ತೆರಿಗೆ ಕಟ್ಟಿದ್ರೆ ಇಲ್ಲಿ ಕಳೀಬಹುದಿತ್ತು. ಅಲ್ಲಿ ಸಂಬಳಕ್ಕೆ ತೆರಿಗೆನೇ ಇಲ್ಲ. ಏನೂ ಮಾಡಕ್ಕಾಗಲ್ಲ. ತುಂಬು."

ತುಂಬಿದೆ. ನಿವಾಸಿ ಎಂಬ ಚೌಕದಲ್ಲಿ ಗುರುತು ಹಾಕಿದೆ. ರಾಜೇಂದ್ರಣ್ಣನಿಗೆ ಫೋನಿನಲ್ಲಿ ಅರ್ಧ ಸತ್ಯ ಹೇಳಿದೆ: ಡೈರಿಯಲ್ಲಿ ಹನ್ನೆರಡು ದಿನ ತಪ್ಪಿದೆ, ತೆರಿಗೆ ಬರುತ್ತದೆ. "ಹೌದಾ" ಎಂದರು. ಅವರ ಹಿಂದೆ ಎಲ್ಲೋ ಕ್ರೇನಿನ ಎಚ್ಚರಿಕೆಯ ಗಂಟೆ ಹೊಡೆಯುತ್ತಿತ್ತು. "ಕಟ್ಟಣ ಬಿಡಿ. ಚೈತನ್ಯಾಳ ಕಾಲೇಜಿಗೆ ಒಂದು ತಿಂಗಳು ಟೈಮ್ ಕೇಳಕ್ಕೆ ಹೇಳ್ತೀನಿ," ಎಂದರು. ಹದಿಮೂರನೇ ತಾರೀಕಿನ ಸಂಗತಿ ಹೇಳಲು ನನಗೆ ಬಾಯಿ ಬರಲಿಲ್ಲ.

ಅದೇ ಜುಲೈನಲ್ಲಿ ಸೇತುವೆ ಓಡಾಟಕ್ಕೆ ತೆರೆಯಿತು. ಸಾಗರದಲ್ಲಿ ಹತ್ತಿದ ಬಸ್ಸಿನಿಂದ ಇಳಿಯದೆ ಹೊಳೆಯಾಚೆ ಹೋಗಬಹುದು. ಒಂದು ವರ್ಷ ಮೊದಲು ತೆರೆದಿದ್ದರೆ ರಾಜೇಂದ್ರಣ್ಣ ಡೈರಿಯಲ್ಲಿ ಏನನ್ನು ಬರೆದುಕೊಳ್ಳುತ್ತಿದ್ದರೋ. ಅದೂ ಒಂದು ಲೆಕ್ಕ, ನಾನು ಮಾಡುವುದಿಲ್ಲ.

ಈ ವರ್ಷ ಜನವರಿಯಲ್ಲಿ ಅವರು ರಜೆಗೆ ಬಂದರು. ಕಚೇರಿಗೆ ಬಂದು ಪಾಸ್‌ಪೋರ್ಟನ್ನು ಮೇಜಿನ ಮೇಲೆ ಬಿಚ್ಚಿಟ್ಟು, "ಈ ಸಲ ಸೀಲು ನೋಡಿ ಗೌಡ್ರೆ, ಡೈರಿ ಹೊಳೆಗೆ ಹಾಕಿದೆ," ಎಂದರು. ನಿಜವಾಗಿ ಹಾಕಿದ್ದರೋ, ಮಾತಿಗೆ ಹೇಳಿದರೋ ತಿಳಿಯಲಿಲ್ಲ. "ಊಟಕ್ಕೆ ಬನ್ನಿ ಮನೆಗೆ. ಯಶೋಧಾ ಹೇಳ್ಕಳ್ಸಿದಾಳೆ. ನೀವು ಬಂದು ಒಳಗೆ ಬರ್ದಲೇ ಹೋಗಿದ್ರಂತೆ."

ಹೋದೆ. ಬಸ್ಸು ಹೊಳೆಬಾಗಿಲಿನ ಹತ್ತಿರ ಬಂದಾಗ ರಾಜೇಂದ್ರಣ್ಣ ಎದ್ದು ನಿಂತು, "ಇಲ್ಲೇ ಇಳ್ಯಣ," ಎಂದರು.

"ಇಳೀಬೇಕಾಗಿಲ್ಲ ಅಣ್ಣ. ಬಸ್ಸೇ ಹೋಗ್ತದಲ್ಲ ಈಗ."

"ಹೌದು. ಆದ್ರೂ ಇಳ್ಯಣ. ರೂಢಿ."

ಇಳಿದೆವು. ಮೊದಲು ಲಾಂಚಿಗೆ ಕಾಯುವವರಿಂದ ತುಂಬಿರುತ್ತಿದ್ದ ಚಹಾದ ಅಂಗಡಿಯಲ್ಲಿ ಮೀನಾಕ್ಷಮ್ಮ ಒಬ್ಬರೇ ಕೂತಿದ್ದರು. "ಓಹೋ, ರಾಜೇಂದ್ರ! ಒಮಾನಿಂದ ಬಂದು ನಮ್ಮನ್ನ ಮಾತಾಡ್ಸೋನು ನೀನೊಬ್ನೇಯ. ಉಳ್ದೋರೆಲ್ಲ ಮೇಲಿಂದ್ಲೇ ಭರ್ ಅಂತ ಹೋಗ್ತಾರೆ, ಕೈನೂ ಬೀಸಲ್ಲ," ಎಂದು ಎರಡು ಚಹಾ ಕೊಟ್ಟರು. ಲೋಟ ಹಿಡಿದು ಇಬ್ಬರೂ ನೀರಿನವರೆಗೆ ನಡೆದೆವು. ಎದುರಿಗೆ ಸೇತುವೆ. ಅದರ ಮೇಲೆ ಒಂದು ಲಾರಿ ಸದ್ದಿಲ್ಲದೆ ಹೋಗುತ್ತಿತ್ತು.

ರಾಜೇಂದ್ರಣ್ಣ ಒಂದು ಕಂಬ ತೋರಿಸಿ, "ಅದ್ರ ತಲೆ ಮೇಲಿಂದು ನಾನೇ ಎತ್ತಿಟ್ಟಿದ್ದು," ಎಂದರು. ಮಕ್ಕಳ ಅಂಕಪಟ್ಟಿ ತೋರಿಸುವವರ ದನಿ.

ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲವೆಂದು ನನಗೆ ಗೊತ್ತಾಯಿತು. ಚಹಾ ಮುಗಿಸದೆಯೇ ಹೇಳಿಬಿಟ್ಟೆ. ಹದಿಮೂರಕ್ಕೇ ಮುಗಿದಿತ್ತೆಂದು, ಪಾಸ್‌ಪೋರ್ಟು ಅವರ ಜೇಬಿನಲ್ಲಿದ್ದರೂ ನಾನು ಕೇಳಲಿಲ್ಲವೆಂದು, ಅವರು ಹೋಗಬೇಕಾಗಿಯೇ ಇರಲಿಲ್ಲವೆಂದು. ಹೇಳುತ್ತಿದ್ದಾಗ ನನ್ನ ದನಿ ನನಗೇ ಅಸಹ್ಯವಾಯಿತು. ತಪ್ಪೊಪ್ಪಿಕೊಳ್ಳುವವನ ದನಿಯಲ್ಲೂ ಸಮಾಧಾನ ಬೇಡುವ ಒಂದು ರಾಗ ಇರುತ್ತದೆ.

ರಾಜೇಂದ್ರಣ್ಣ ಸೇತುವೆಯನ್ನೇ ನೋಡುತ್ತಿದ್ದರು. ಲಾರಿ ಆಚೆ ದಡ ಮುಟ್ಟಿ ಮರಗಳ ಹಿಂದೆ ಮರೆಯಾಯಿತು.

ಕೇಳಬಾರದ್ದನ್ನೂ ಕೇಳಿದೆ. "ಅವತ್ತು ನಾನು ಸರಿಯಾಗಿ ಎಣಿಸಿ, ಇದ್ರೂ ಒಂದೇ ಹೋದ್ರೂ ಒಂದೇ ಅಂದಿದ್ರೆ, ನೀವು ಅಕ್ಕನ ಹತ್ರ ಇರ್ತಿದ್ರಾ ಅಣ್ಣ?"

ಅವರು ಲೋಟದ ತಳದ ಚಹಾವನ್ನು ನೆಲಕ್ಕೆ ಚೆಲ್ಲಿದರು.

"ಇಲ್ಲ. ಅವ್ಳು ನರಳೋದನ್ನ ಕೇಳಕ್ಕಾಗ್ತಿರ್ಲಿಲ್ಲ ನಂಗೆ. ಓಡಿ ಹೋಗಕ್ಕೆ ಒಂದು ನೆವ ಬೇಕಿತ್ತು, ಅದನ್ನ ನೀ ಕೊಟ್ಟೆ."